ಕಲಂ ಪಕ್ಕದಲ್ಲಿ ಎರಡು ಸಾಲು ಬರೆಯಿರಿ

ಮಧ್ಯಾಹ್ನದಿಂದ ಮನಸ್ಸು ಕುದಿಯುತ್ತಿದೆ. ಬರೆಯದೆ ಇರಲು ಆಗಲಿಲ್ಲ.

ಕೋರ್ಟ್ ಎದುರಿನ ನಮ್ಮ ಟೈಪಿಂಗ್ ಅಂಗಡಿ ನಿಮಗೆ ಗೊತ್ತೇ ಇದೆ. ಊಟಕ್ಕೆ ಏಳಬೇಕು ಅನ್ನುವಾಗ ಒಬ್ಬ ತಾಯಿ ಬಂದರು. ಕೈಯಲ್ಲಿ ಎಫ್‌ಐಆರ್ ಜೆರಾಕ್ಸ್. ಸೆರಗಿನ ತುದಿಯಲ್ಲಿ ಎರಡು ಬಳೆ ಗಂಟು ಕಟ್ಟಿದ್ದರು. "ಅಣ್ಣಾ, ನನ್ ಮಗನಿಗೆ ಗಲ್ಲು ಆಗುತ್ತಾ?" ಅಂತ ಕೇಳಿದರು.

ಓದಿ ನೋಡಿದೆ. ಹೊಲದ ಬದುವಿನ ಜಗಳ. ಅಡ್ಡಗಟ್ಟಿ, ಬೈದು, ಕೈಯಿಂದ ಹೊಡೆದು, ಬೆದರಿಸಿದ ದೂರು. ಬಿಎನ್‌ಎಸ್ (ಈಗಿನ ದಂಡ ಕಾನೂನು, ಭಾರತೀಯ ನ್ಯಾಯ ಸಂಹಿತೆ) ಕಲಂ 126(2), 352, 115(2), 351(2), ಜೊತೆಗೆ 3(5).

ಗಲ್ಲು ಎಲ್ಲಿಂದ ಬಂತು? ಪಕ್ಕದ ಮನೆ ಹುಡುಗ ಮೊಬೈಲಿನಲ್ಲಿ 115 ಅಂತ ಹುಡುಕಿದ್ದಾನೆ. ಸಿಕ್ಕಿದ್ದು ಹಳೆಯ ದಂಡ ಕಾನೂನು ಐಪಿಸಿಯ 115. ಮರಣದಂಡನೆ, ಜೀವಾವಧಿ ಶಿಕ್ಷೆ ಆಗುವಂಥ ಅಪರಾಧಕ್ಕೆ ಕುಮ್ಮಕ್ಕು ಕೊಡುವುದರ ಬಗ್ಗೆ ಅದು. ತಾಯಿಗೆ ಕಂಡಿದ್ದು ಒಂದೇ ಪದ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಿಎನ್‌ಎಸ್ ಬಂದು ನಂಬರುಗಳೆಲ್ಲ ಬದಲಾಗಿವೆ. ಹೊಡೆತಕ್ಕಿದ್ದ ಹಳೆಯ 323 ಈಗ 115(2). ಆ ತಾರೀಖಿಗೆ ಮೊದಲು ನಡೆದದ್ದಕ್ಕೆ ಮಾತ್ರ ಐಪಿಸಿ. ಇದನ್ನು ಆಕೆಗೆ ಯಾರು ಹೇಳಬೇಕಿತ್ತು?

ಕೂರಿಸಿ ಒಂದೊಂದಾಗಿ ಹೇಳಿದೆ. ಅಡ್ಡಗಟ್ಟಿದ್ದಕ್ಕೆ ಹೆಚ್ಚೆಂದರೆ ಒಂದು ತಿಂಗಳು ಜೈಲು ಅಥವಾ 5,000 ರೂಪಾಯಿವರೆಗೆ ದಂಡ. ಹೊಡೆದದ್ದಕ್ಕೆ ಹೆಚ್ಚೆಂದರೆ ಒಂದು ವರ್ಷ ಅಥವಾ 10,000ದವರೆಗೆ ದಂಡ. ಬೈಗುಳಕ್ಕೆ, ಬೆದರಿಕೆಗೆ ಎರಡೆರಡು ವರ್ಷದವರೆಗೆ, ಇಲ್ಲವೇ ದಂಡ. ಜೈಲು, ದಂಡ ಎರಡೂ ಸೇರಿಯೂ ಬೀಳಬಹುದು. 3(5)ಕ್ಕೆ ಬೇರೆ ಶಿಕ್ಷೆಯೇ ಇಲ್ಲ, ಒಂದೇ ಉದ್ದೇಶದಿಂದ ಹಲವರು ಸೇರಿ ಮಾಡಿದರು ಅನ್ನುವುದಕ್ಕೆ ಹಾಕುವುದು. ಎಲ್ಲವೂ ಜಾಮೀನು ಸಿಗುವಂಥವೇ. ಅದು ಅವನ ಹಕ್ಕು, ಯಾರ ಕೃಪೆಯೂ ಅಲ್ಲ.

"ಹೆಚ್ಚೆಂದರೆ" ಅನ್ನುವ ಆ ಒಂದು ಪದವನ್ನು ಯಾರೂ ಹೇಳುವುದಿಲ್ಲ. ನನಗೆ ಉರಿಯುವುದೇ ಅದಕ್ಕೆ. ಟಿವಿಯಲ್ಲೂ "ಏಳು ವರ್ಷ ಜೈಲು" ಅಂತಲೇ ಹಾಕುತ್ತಾರೆ. ಕೇಸ್ ನಡೆದು, ಸಾಕ್ಷಿ ಆಗಿ, ತಪ್ಪು ಸಾಬೀತಾದ ಮೇಲೆ ತಾನೇ ಶಿಕ್ಷೆಯ ಮಾತು? ಆ ಏಳು ಮೇಲಿನ ಮಿತಿ ಅಷ್ಟೇ ಅಲ್ವಾ? ಈ ತಾಯಿಗೆ ಯಾರೋ ಎಲ್ಲಾ ಕಲಂ ಕೂಡಿಸಿ "ಗಲ್ಲು ಇಲ್ಲದಿದ್ರೂ ಐದು ವರ್ಷ ಗ್ಯಾರಂಟಿ" ಅಂದಿದ್ದಾನೆ. ಕೇಸ್ ಎತ್ತಿಸಿಕೊಡಲು ನಲವತ್ತು ಸಾವಿರ ಕೇಳಿದ್ದಾನೆ. ಬಳೆ ಅದಕ್ಕೆ.

ಶಿಕ್ಷೆ ಕಡಿಮೆ ಅಂತ ಗೊತ್ತಾದರೆ ಜನ ಇನ್ನೂ ಜಾಸ್ತಿ ಹೊಡೆದಾಡುತ್ತಾರೆ, ಭಯ ಇರಲಿ ಅಂತ ಗೆಳೆಯರೊಬ್ಬರು ಅಂದರು. ನಾನು ಒಪ್ಪುವುದಿಲ್ಲ. ಹೊಡೆದವನು ಕಲಂ ನೋಡಿಕೊಂಡು ಹೊಡೆದಿಲ್ಲ. ನಿದ್ದೆ ಕೆಟ್ಟು ಕೂತಿರುವುದು ಅವನ ತಾಯಿ.

ಎಫ್‌ಐಆರ್‌ನಲ್ಲಿ ಕಲಂ ಪಕ್ಕ ಕನ್ನಡದಲ್ಲಿ ಎರಡು ಸಾಲು ಸಾಕು. ಏನು ಅಪರಾಧ, ಹೆಚ್ಚೆಂದರೆ ಎಷ್ಟು ಶಿಕ್ಷೆ, ಜಾಮೀನು ಉಂಟೋ ಇಲ್ಲವೋ.

ನನ್ನ ತಪ್ಪೂ ಇದೆ. ಹನ್ನೆರಡು ವರ್ಷ ಇಂಥ ಕಾಗದ ಟೈಪ್ ಮಾಡಿದ್ದೇನೆ. ಕೇಳಿದವರನ್ನೆಲ್ಲ "ವಕೀಲರನ್ನ ಕೇಳಿ" ಅಂತ ಸುಮ್ನೆ ಕಳಿಸಿಬಿಡುತ್ತಿದ್ದೆ. ಅವರಲ್ಲಿ ಎಷ್ಟು ಜನ ಬಳೆ ಅಡ ಇಟ್ಟರೋ.

ಇವತ್ತು ಆ ತಾಯಿಯನ್ನು ಕಾನೂನು ಸೇವಾ ಪ್ರಾಧಿಕಾರದ ಕಚೇರಿವರೆಗೂ ಕರೆದುಕೊಂಡು ಹೋದೆ. ಹೆಂಗಸರಿಗೆ ಅಲ್ಲಿ ಉಚಿತವಾಗಿ ವಕೀಲರ ಸಲಹೆ ಸಿಗುತ್ತದೆ. ಮೆಟ್ಟಿಲ ಮೇಲೆ ನಿಂತು ಆಕೆ ಸೆರಗಿನ ಗಂಟು ಬಿಚ್ಚಿ ಬಳೆ ತೊಟ್ಟುಕೊಂಡರು.