ಹಳೆಯ ಕಾರಿಗೆ ಬಣ್ಣ ಹೊಡೆಸುವ ಮುನ್ನ ಬೀಡಿಂಗ್ ಬಿಚ್ಚಿಸಿ ನೋಡಿ

ಹಾಸನದಲ್ಲಿ ಹಳೆಯ ಕಾರಿಗೆ ಬಣ್ಣ ಹೊಡೆಸಬೇಕು ಎಂದು ಯಾರ ಬಳಿ ಬಾಯಿಬಿಟ್ಟರೂ ಬರುವ ಉತ್ತರ ಒಂದೇ: "ಅದಕ್ಕೆ ಸುರಿಯುವ ದುಡ್ಡಿಗೆ ಇನ್ನೊಂದು ಗಾಡಿ ಬರುತ್ತದೆ, ಮಾರಿಬಿಡಿ." ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಎಂಜಿನ್ ಗಟ್ಟಿಯಾಗಿದೆ, ಬಿಡಿಭಾಗ ಸಿಗುತ್ತಿದೆ, ಕಾರಿನ ನಾಡಿ ಗೊತ್ತಿರುವ ಮೆಕ್ಯಾನಿಕ್ ಊರಿನಲ್ಲೇ ಇದ್ದಾರೆ. ಹೀಗಿರುವಾಗ ಬಣ್ಣ ಮಂಕಾಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ಸಾಗಹಾಕಿ, ಯಾರೋ ಓಡಿಸಿ ಬಿಟ್ಟ ಇನ್ನೊಂದು ಹಳೆಯ ಕಾರನ್ನು ತಂದು, ಅದರ ಕಾಯಿಲೆಗಳನ್ನು ಮೊದಲಿನಿಂದ ಹುಡುಕುತ್ತಾ ಕೂರುವುದರಲ್ಲಿ ಏನು ಲಾಭ?

ನಮ್ಮ ಮನೆಯಲ್ಲಿರುವುದು 2005ರ ಬಿಳಿ ಮಾರುತಿ 800. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಆಲೂರು, ಸಕಲೇಶಪುರದ ಕಡೆ ತೋಟದ ಮನೆಗಳ ಅಂಗಳದಲ್ಲಿ ಅದು ಇನ್ನೂ ಕಾಣಸಿಗುತ್ತದೆ. ಇಂಥ ಕಾರು ಇಟ್ಟುಕೊಂಡವರ ಮೇಲೆ ಖರ್ಚು ಈಗಾಗಲೇ ಬೇಕಾದಷ್ಟು ಬಿದ್ದಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿದರು. ಆದ್ದರಿಂದ ಬಣ್ಣದ ಕೆಲಸ ಕೈಗೆಟುಕುವ ದರದಲ್ಲಿ ಆಗಬೇಕು ಎಂದು ಬಯಸುವುದು ಜಿಪುಣತನವಲ್ಲ. ನನ್ನ ತಕರಾರು ಇರುವುದು ನಾವು ದುಡ್ಡು ಉಳಿಸುವ ಜಾಗದ ಬಗ್ಗೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಬಿ.ಎಂ. ರಸ್ತೆಯ ಆಚೀಚೆ ಇರುವ ಗ್ಯಾರೇಜುಗಳಲ್ಲಿ ಒಂದಕ್ಕೆ ಹೋಗಿ "ಫುಲ್ ಬಾಡಿ ಎಷ್ಟು?" ಎಂದು ಕೇಳುತ್ತೇವೆ. ಅವರು ಒಂದು ಮೊತ್ತ ಹೇಳುತ್ತಾರೆ. ನಾವು ಐದು ಸಾವಿರ ಇಳಿಸಿ ಎನ್ನುತ್ತೇವೆ, ಅವರು ಇಳಿಸುತ್ತಾರೆ. ಆ ಐದು ಸಾವಿರ ಎಲ್ಲಿಂದ ಹೋಯಿತು? ಬಣ್ಣದ ಡಬ್ಬಿಯ ಬೆಲೆ ಅಂಗಡಿಯಲ್ಲಿ ಇಳಿದಿಲ್ಲ, ಕಂಪ್ರೆಸರ್‌ನ ಕರೆಂಟು ಬಿಲ್ಲೂ ಇಳಿದಿಲ್ಲ. ಇಳಿದಿರುವುದು ಬಣ್ಣದ ಕೆಳಗಿನ ಕೆಲಸ. ತುಕ್ಕು ಕೆರೆಯುವ, ಪೇಪರ್ ಹೊಡೆಯುವ (ಅಂದರೆ ಮರಳುಕಾಗದದಿಂದ ಉಜ್ಜುವ), ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್ ಬಿಚ್ಚುವ ಗಂಟೆಗಳು ಕಡಿಮೆಯಾದವು. ಡೆಲಿವರಿ ದಿನ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ನಮ್ಮ ಕಾರಿನ ಮುಂಗಾಜಿನ ಬೀಡಿಂಗ್ ಬಿಚ್ಚಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗಿನಿಂದ ನೋಡಿದರೆ ಕೆಳಮೂಲೆಯಲ್ಲಿ ಕಡಲೆಕಾಳಿನಷ್ಟು ಬಣ್ಣ ಉಬ್ಬಿತ್ತು, ಅಷ್ಟೇ. ರಬ್ಬರ್ ಎಳೆದಾಗ ಅದರ ಸಂದಿನಿಂದ ಕಪ್ಪು ಮಣ್ಣು, ಕೊಳೆತ ಸಿಲ್ವರ್ ಓಕ್ ಎಲೆಯ ಚೂರುಗಳು ಉದುರಿದವು. ಅದರಡಿಯ ತಗಡು ಗೇಣುದ್ದ ಪದರ ಪದರವಾಗಿ ಎದ್ದಿತ್ತು; ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದರೆ ಒಳಗೆ ಇಳಿಯುತ್ತಿತ್ತು. ಇದಕ್ಕೂ ಹಿಂದೆ ಒಮ್ಮೆ ಇದೇ ಕಾರಿಗೆ ಬೇರೊಂದು ಕಡೆ ಬಣ್ಣವಾಗಿತ್ತು. ಆಗ ಬೀಡಿಂಗ್ ಬಿಚ್ಚದೆ, ಅಂಚಿಗೆ ಟೇಪ್ ಅಂಟಿಸಿ ಸ್ಪ್ರೇ ಗನ್ ಹಿಡಿದಿದ್ದರು. ಬಿಳಿ ಬಣ್ಣದ ಗೆರೆ ರಬ್ಬರ್‌ನ ಅಂಚಿಗೆ ಸರಿಯಾಗಿ ನಿಂತಿತ್ತು, ಅದರೊಳಗೆ ತುಕ್ಕು ಬೆಳೆಯುತ್ತಲೇ ಇತ್ತು. ಬಣ್ಣ ಹೊಡೆಸುವವರು ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ, ಬೀಡಿಂಗ್‌ನದ್ದು ಎಂದು ನಾನು ಹೇಳುವುದು ಇದನ್ನು ಕಣ್ಣಾರೆ ಕಂಡದ್ದರಿಂದ.

ಮಲೆನಾಡಿನ ಕಾರುಗಳಿಗೆ ತುಕ್ಕು ಹಿಡಿಯುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಬಾಗಿಲಿನ ಕೆಳಅಂಚು, ರನ್ನಿಂಗ್ ಬೋರ್ಡ್, ಬ್ಯಾಟರಿ ಕೂರುವ ತಟ್ಟೆ, ಮ್ಯಾಟ್ ಕೆಳಗಿನ ಫ್ಲೋರ್, ಡಿಕ್ಕಿಯ ಸ್ಟೆಪ್ನಿ ಗುಂಡಿ. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕೆಸರಿನಿಂದ ಮುಚ್ಚಿಹೋದರೆ ಬಾಗಿಲೊಳಗೆ ನೀರು ನಿಲ್ಲುತ್ತದೆ. ಒಂದು ತಂತಿ ಹಾಕಿ ಬಿಡಿಸಿದರೆ ಸಾಕು, ಇದಕ್ಕೆ ಕಾಸೂ ಖರ್ಚಿಲ್ಲ. ತೋಟದವರು ಇನ್ನೊಂದು ಸಂಗತಿ ಗಮನಿಸಬೇಕು. ಡಿಕ್ಕಿಯಲ್ಲಿ ಪೊಟ್ಯಾಷ್ ಚೀಲ ಸಾಗಿಸುತ್ತೇವಲ್ಲ, ಅದು ಪೊಟ್ಯಾಸಿಯಂ ಕ್ಲೋರೈಡ್. ಚೀಲದಿಂದ ಸೋರಿದ ಪುಡಿ ತೇವ ಹೀರಿಕೊಂಡರೆ ಉಪ್ಪುನೀರಿನಂತೆಯೇ ತಗಡನ್ನು ತಿನ್ನುತ್ತದೆ. ಹಾಸನ ಪಟ್ಟಣದಲ್ಲೇ ಓಡಾಡುವ ಕಾರಿಗೂ ಸುಮಾರು 40 ಕಿಲೋಮೀಟರ್ ಆಚೆ ಸಕಲೇಶಪುರದ ಮಳೆಯಲ್ಲಿ ನಿಲ್ಲುವ ಕಾರಿಗೂ ಒಂದೇ ಅಂದಾಜು ಹಾಕುವುದು ಸರಿಯಾಗದು.

ತುಕ್ಕು ಇರುವಲ್ಲಿ ಕೆರೆದು ಹೊಳೆಯುವ ತಗಡು ಕಾಣುವವರೆಗೆ ಹೋಗಬೇಕು. ತೂತು ಬಿದ್ದಿದ್ದರೆ ಹೊಸ ತಗಡಿನ ತುಂಡು ಬೆಸೆಯಬೇಕು. ಅದರ ಮೇಲೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್, ಆಮೇಲೆ ತಗ್ಗು ತುಂಬಿ ಸಮ ಮಾಡುವ ಪುಟ್ಟಿ. ಅನೇಕ ಕಡೆ ತೂತಿಗೇ ಪುಟ್ಟಿ ತುಂಬಿ ಸಮ ಮಾಡುತ್ತಾರೆ. ಪುಟ್ಟಿ ಎರಡು ಮೂರು ಮಿಲಿಮೀಟರ್ ಮೀರಿದರೆ ಬಿರುಕು ಬಿಡುವ ಅಪಾಯ ಹೆಚ್ಚು. ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ: ತಗಡಿನ ಮೇಲೆ ಗಕ್ಕನೆ ಕಚ್ಚುವ ಅದು ದಪ್ಪ ಪುಟ್ಟಿಯ ಮೇಲೆ ಜಾರಿ ಬೀಳುತ್ತದೆ. ಇನ್ನು ಪುಟ್ಟಿಯ ಮೇಲೆ ಪೈಪಿನಿಂದ ನೀರು ಬಿಟ್ಟುಕೊಂಡು ವಾಟರ್ ಪೇಪರ್ ಹೊಡೆಯುವ ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ. ಆ ನೀರು ಪೂರ್ತಿ ಆರುವ ಮೊದಲೇ ಮೇಲೆ ಬಣ್ಣ ಬಿದ್ದರೆ ಕೆಲವು ತಿಂಗಳಲ್ಲಿ ಗುಳ್ಳೆ ಏಳುತ್ತದೆ. ಪುಟ್ಟಿಯನ್ನು ಒಣಗಿದ್ದಂತೆಯೇ ಉಜ್ಜಿ, ನೀರಿನ ಕೆಲಸವನ್ನು ಅದರ ಮೇಲೆ ಹೊಡೆಯುವ, ಮೈ ನಯಗೊಳಿಸುವ ಪದರವಾದ ಸರ್ಫೇಸರ್‌ಗೆ ಇಟ್ಟುಕೊಳ್ಳಿ ಎಂದು ಬಾಯಿಬಿಟ್ಟು ಹೇಳಬೇಕು.

ಸರಿ, ಖರ್ಚು ಎಲ್ಲಿ ಉಳಿಸಬಹುದು?

ಮೊಟ್ಟಮೊದಲು, ಇಡೀ ಕಾರಿಗೆ ಬಣ್ಣ ಬೇಕೇ ಎಂದು ಪರೀಕ್ಷಿಸಿ. ಒದ್ದೆ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಾನೆಟ್‌ನ ಒಂದು ಮೂಲೆ ಉಜ್ಜಿ ನೋಡಿ. ಕಾರಿನ ಬಣ್ಣವೇ ಬಟ್ಟೆಗೆ ಹತ್ತಿದರೆ ಅದಕ್ಕೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇಲ್ಲ ಎಂದರ್ಥ. ಮೇಲಿನ ಸತ್ತ ಪದರ ಹೋಗಿ ಅಡಿಯಿಂದ ಹೊಳಪು ಬರುವ ಸಾಧ್ಯತೆ ಹೆಚ್ಚು. ಹೀಗೆ ಉಜ್ಜಿಯೇ ಸರಿಹೋಗುವ ಕಾರುಗಳಿಗೂ ಜನ ಪೂರ್ತಿ ಬಣ್ಣ ಹೊಡೆಸುತ್ತಿರುವುದನ್ನು ಕಂಡರೆ ಬೇಸರವಾಗುತ್ತದೆ. ಕ್ಲಿಯರ್ ಕೋಟ್ ಇದ್ದು ಅದು ಸಿಪ್ಪೆಯಂತೆ ಏಳುತ್ತಿದ್ದರೆ ಮಾತ್ರ ಉಜ್ಜಿ ಪ್ರಯೋಜನವಿಲ್ಲ.

ಎರಡನೆಯ ಉಳಿತಾಯ ಬಣ್ಣದ ಆಯ್ಕೆಯಲ್ಲಿದೆ. ಇದ್ದ ಬಣ್ಣವನ್ನೇ ಹೊಡೆಸಿ. ಬೇರೆ ಬಣ್ಣಕ್ಕೆ ಹೋದರೆ ಬಾಗಿಲಿನ ಒಳಅಂಚು, ಎಂಜಿನ್ ಕೋಣೆ, ಡಿಕ್ಕಿಯ ಒಳಗು ಎಲ್ಲವನ್ನೂ ಬಿಚ್ಚಿ ಹೊಡೆಯಬೇಕಾಗುತ್ತದೆ. ನೋಂದಣಿ ಪತ್ರದಲ್ಲಿ ಬಣ್ಣ ನಮೂದಾಗಿರುವುದರಿಂದ ಆರ್‌ಟಿಓ ಕಚೇರಿಯಲ್ಲಿ ತಿದ್ದಿಸುವ ಓಡಾಟ ಬೇರೆ. ಬಿಳಿಯಂಥ ಸಾದಾ ಬಣ್ಣವಾದರೆ ಎರಡು ಪ್ಯಾಕಿನ ಪಿಯು (ಪಾಲಿಯುರೆಥೇನ್) ಪೇಂಟನ್ನು, ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿ ನೇರವಾಗಿ ಹೊಡೆದರೆ ಮುಗಿಯಿತು, ಹೊಳಪು ಅದರಲ್ಲೇ ಇರುತ್ತದೆ. ಮೆಟಾಲಿಕ್ ಆದರೆ ಬೇಸ್ ಕೋಟ್ ಒಂದು, ಅದರ ಮೇಲೆ ಕ್ಲಿಯರ್ ಕೋಟ್ ಇನ್ನೊಂದು. ಸಾಮಗ್ರಿಯೂ ಹೆಚ್ಚು, ಕೂಲಿಯೂ ಹೆಚ್ಚು. ಅಗ್ಗಕ್ಕೆಂದು ನೈಟ್ರೋಸೆಲ್ಯುಲೋಸ್ ಆಧಾರಿತ ಎನ್‌ಸಿ ಬಣ್ಣ ಹೊಡೆಸಬೇಡಿ. ಅದು ಬೇಗ ಆರುತ್ತದೆ ನಿಜ, ಆದರೆ ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಮತ್ತೆ ಮತ್ತೆ ಪಾಲಿಶ್ ಮಾಡಿಸುವ ಖರ್ಚು ಸೇರಿಸಿದರೆ ಅಗ್ಗ ಎಲ್ಲಿ ಉಳಿಯಿತು?

ಬಿಚ್ಚುವ ಕೆಲಸದಲ್ಲಿ ಕೆಲವನ್ನು ನಾವೇ ಮಾಡಬಹುದು. ಬಂಪರ್, ಲೈಟು, ಲಾಂಛನ, ಕನ್ನಡಿ, ಹಿಡಿಕೆ, ಸೀಟು, ಮ್ಯಾಟ್ ಇವನ್ನು ಮನೆಯಲ್ಲೇ ತೆಗೆದು, ಸ್ಕ್ರೂಗಳನ್ನು ಪೊಟ್ಟಣ ಕಟ್ಟಿ ಹೆಸರು ಬರೆದಿಟ್ಟರೆ ಒಂದು ಪಾಲು ಕೂಲಿ ಉಳಿಯುತ್ತದೆ. ಕಾರಿನ ಮೈಮೇಲೆ ಸಿಲಿಕೋನ್ ಇರುವ ಪಾಲಿಶ್ ಹಚ್ಚಿದ್ದರೆ ಅದನ್ನೂ ಮೊದಲೇ ಹೇಳಿ. ಅದರ ಜಿಡ್ಡು ಉಳಿದರೆ ಹೊಸ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಕಾಲದ್ದು. ಶೋರೂಮಿನ ಪೇಂಟ್ ಬೂತ್ ಒಳಗೆ ಸುಮಾರು 60 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಬೇಯಿಸಿ ಬಣ್ಣ ಒಣಗಿಸುತ್ತಾರೆ. ಆ ಬೂತಿನ ಖರ್ಚು ನಮ್ಮ ಬಿಲ್ಲಿಗೆ ಸೇರುತ್ತದೆ. ಶೀಟ್ ಹೊದಿಸಿದ ಶೆಡ್ಡಿನಲ್ಲಿ ಕೆಲಸ ಮಾಡುವ ಪೇಂಟರ್‌ಗೆ ಆ ಅನುಕೂಲ ಇಲ್ಲ, ಅವರು ಹವೆಯನ್ನೇ ನಂಬಬೇಕು. ಥಿನ್ನರ್ ಆವಿಯಾಗುವಾಗ ತಗಡಿನ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಣ್ಣನೆಯ ಮೈಮೇಲೆ ನೀರು ಕೂತು, ಎನ್‌ಸಿ ಬಣ್ಣವಾದರೆ ಬೂದಿ ಬಳಿದಂತೆ ಬಿಳಿಚುತ್ತದೆ. ಪಿಯು ಪೇಂಟಿನ ಹಾರ್ಡ್ನರ್ ತೇವದೊಂದಿಗೆ ಬೆರೆತರೆ ಹೊಳಪು ಸಾಯುತ್ತದೆ. ಮಳೆಗಾಲದಲ್ಲಿ ಗ್ಯಾರೇಜುಗಳು ಖಾಲಿ ಇರುತ್ತವೆ, ದರವೂ ಇಳಿಯುತ್ತದೆ ಎಂದು ಆಸೆಪಟ್ಟು ಆರಿದ್ರಾ ಮಳೆಯಲ್ಲಿ ಕಾರು ಬಿಡುವವರಿದ್ದಾರೆ. ದಯವಿಟ್ಟು ಬೇಡ. ಕಾಫಿ ಕೊಯ್ಲು ಮುಗಿದ ಮೇಲೆ, ಹೂಮಳೆಗೆ ಮೊದಲು ಸಿಗುವ ಫೆಬ್ರವರಿಯ ಒಣ ದಿನಗಳಿಗಿಂತ ಒಳ್ಳೆಯ ಬೂತ್ ನಮ್ಮ ಜಿಲ್ಲೆಯಲ್ಲಿ ಇಲ್ಲ. ಆಗಲೂ ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆಯೇ ಗನ್ ಹಿಡಿಯಬೇಕು, ದೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಬೇಕು.

ದರದ ವಿಷಯ. ನಾನು ವಿಚಾರಿಸಿದ ಕಡೆಗಳಲ್ಲಿ ನಮ್ಮ ಪುಟ್ಟ ಕಾರಿಗೆ 18 ಸಾವಿರದಿಂದ 45 ಸಾವಿರದವರೆಗೆ ಹೇಳಿದರು. ಅತಿ ಕಡಿಮೆ ಹೇಳಿದವರೂ ಅತಿ ಹೆಚ್ಚು ಹೇಳಿದವರೂ ಬೀಡಿಂಗ್ ಬಿಚ್ಚುವ ಮಾತೆತ್ತಲಿಲ್ಲ. ನಾನು ಒಪ್ಪಿಸಿದ್ದು ನಡುವಿನ ಮೊತ್ತ ಹೇಳಿದ ಒಬ್ಬ ಹಿರಿಯ ಪೇಂಟರ್‌ಗೆ. ಅವರು ದರ ಹೇಳುವ ಮೊದಲೇ ಮಂಡಿಯೂರಿ ಕೂತು ರನ್ನಿಂಗ್ ಬೋರ್ಡಿನ ಅಡಿಗೆ ಕೈಹಾಕಿ ನೋಡಿದ್ದರು. ಸಾಮಗ್ರಿಯನ್ನು ನಾನೇ ಬಿಲ್ಲಿನೊಂದಿಗೆ ತಂದುಕೊಟ್ಟೆ, ಕೂಲಿಯನ್ನು ಪ್ರತ್ಯೇಕವಾಗಿ ಮಾತಾಡಿಕೊಂಡೆವು. ಪ್ರೈಮರ್ ಹಂತದಲ್ಲಿ ಒಮ್ಮೆ ಕರೆದು ತೋರಿಸಬೇಕು, ಅದಾದ ಮೇಲೆ ಮುಂದಿನ ಕಂತು ಎಂಬ ಒಪ್ಪಂದ ಇಬ್ಬರಿಗೂ ಅನುಕೂಲವಾಯಿತು. ಚೌಕಾಶಿ ಮಾಡುವುದಿದ್ದರೆ ಬಣ್ಣದಂಗಡಿಯಲ್ಲಿ ಮಾಡಿ. ಪೇಪರ್ ಹೊಡೆಯುವ ಕೈಗಳ ಕೂಲಿಯಲ್ಲಿ ಮಾಡಬೇಡಿ.

ಆ ಕೈಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಪಿಯು ಪೇಂಟಿನ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಮಂಜು ಉಸಿರಿಗೆ ಸೇರಿದರೆ ಅಸ್ತಮಾ ಬರಬಹುದು. ಒಮ್ಮೆ ಬಂದರೆ ಆಮೇಲೆ ಅದರ ಅಲ್ಪ ಪ್ರಮಾಣವೂ ಆಗದ ಸ್ಥಿತಿ ತಲುಪುವವರಿದ್ದಾರೆ. ಇದಕ್ಕೆ ಸರಿಯಾದ ರಕ್ಷಣೆ ಎಂದರೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ. ನಮ್ಮ ಶೆಡ್ಡುಗಳಲ್ಲಿ ಕಾಣುವುದು ಮೂಗಿಗೆ ಕಟ್ಟಿದ ಕರ್ಚೀಫು. ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತ ಹುಡುಗನಿಗೆ ಅದೂ ಇರುವುದಿಲ್ಲ. ಮೂವತ್ತು ಸಾವಿರ ಖರ್ಚು ಮಾಡುವ ನಾವು ಕನಿಷ್ಠ ಕಾರ್ಟ್ರಿಜ್ ಇರುವ ಒಳ್ಳೆಯ ಮಾಸ್ಕುಗಳನ್ನಾದರೂ ಸಾಮಗ್ರಿಯ ಪಟ್ಟಿಗೆ ಸೇರಿಸಿ ಕೊಡೋಣ, ಹಾಕಿಕೊಳ್ಳಿ ಎಂದು ಒತ್ತಾಯಿಸೋಣ. ಅಗ್ಗದ ಬಣ್ಣಕ್ಕೆ ಇನ್ನೊಬ್ಬರ ಶ್ವಾಸಕೋಶ ಬೆಲೆ ತೆರುವಂತಾಗಬಾರದು.

ಬೇಲೂರು, ಅರಸೀಕೆರೆ, ಹೊಳೆನರಸೀಪುರದ ಕಡೆ ತಾಳ್ಮೆಯಿಂದ ಕೆಲಸ ಮಾಡುವ ಪೇಂಟರ್‌ಗಳನ್ನು ಹುಡುಕುತ್ತಿರುವವರು ನನ್ನನ್ನು ಕೇಳುತ್ತಿರುತ್ತಾರೆ. ನಿಮ್ಮ ಕಾರಿಗೆ ಅಲ್ಲಿ ಕೆಲಸವಾಗಿ ಒಂದೆರಡು ಮಳೆಗಾಲ ಕಳೆದಿದ್ದರೆ ಕೆಳಗೆ ಬರೆಯಿರಿ. ಎಷ್ಟು ಕೊಟ್ಟಿರಿ ಎಂಬುದರ ಜೊತೆಗೆ ಗಾಜು, ಬೀಡಿಂಗ್ ಬಿಚ್ಚಿ ಕೆಲಸ ಮಾಡಿದರೇ, ಬಾಗಿಲಿನ ಕೆಳಅಂಚು ಈಗ ಹೇಗಿದೆ ಎಂಬುದನ್ನೂ ತಿಳಿಸಿ. ಫೋಟೋ ಹಾಕುವುದಾದರೆ ಬಾನೆಟ್ಟಿನದ್ದು ಬೇಡ, ಆ ಅಂಚಿನದ್ದೇ ಹಾಕಿ.