ಉಳಿದ ಮೂರು ಕೋಟಿ ಎಲ್ಲಿ ಹೋಯಿತು ಸಾರ್?

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡು ಸಾವಿರ ಚಿಲ್ಲರೆಗೆ ಸಿಗುವ, ಟಿವಿಗೆ ಸಿಕ್ಕಿಸಿ ಇಂಟರ್ನೆಟ್ ಸಿನಿಮಾ ನೋಡುವ ಆಂಡ್ರಾಯ್ಡ್ ಟಿವಿ ಬಾಕ್ಸ್ ಮೇಲಿನ ಬರಹ ಓದಿದರೆ, ಇಸ್ರೋದವರು ಸುಮ್ನೆ ದೊಡ್ಡ ದೊಡ್ಡ ಕಂಪ್ಯೂಟರ್‌ಗೆ ದುಡ್ಡು ಸುರಿದಿದ್ದಾರೆ ಅನ್ನಿಸುತ್ತದೆ. 8ಕೆ ಅಲ್ಟ್ರಾ ಎಚ್‌ಡಿ. 8 ಜಿಬಿ ರ‍್ಯಾಮ್. 128 ಜಿಬಿ ಸ್ಟೋರೇಜ್. ಆಂಡ್ರಾಯ್ಡ್ 13. ಇಷ್ಟೆಲ್ಲ ಒಂದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ.

"8ಕೆ ಬರುತ್ತಾ ಬಾಸ್?"

"ಬರುತ್ತೆ ಸಾರ್."

"ನಮ್ಮನೇದು ಬರೀ ಫುಲ್ ಎಚ್‌ಡಿ ಟಿವಿ."

"ಅದರಲ್ಲೂ ಬರುತ್ತೆ ಸಾರ್. ಸ್ವಲ್ಪ ಕಮ್ಮಿ ಬರುತ್ತೆ."

ಆ ಸ್ವಲ್ಪದ ಲೆಕ್ಕ ನೋಡಿ. 8ಕೆ ಅಂದರೆ 7680 ಅಡ್ಡ, 4320 ಉದ್ದ, ಗುಣಿಸಿದರೆ 3 ಕೋಟಿ 31 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿ ಪರದೆಯಲ್ಲಿ ಇರುವುದೇ ಸುಮಾರು 20 ಲಕ್ಷ. ಉಳಿದ ಮೂರು ಕೋಟಿ ಎಲ್ಲಿ ಹೋಯಿತು ಅಂತ ಕೇಳುವ ಅಭ್ಯಾಸ ನಮಗೆ ರಸ್ತೆ ಕಾಮಗಾರಿಯಲ್ಲೇ ಇಲ್ಲ, ಇನ್ನು ಟಿವಿ ಡಬ್ಬಿಯಲ್ಲಿ ಎಲ್ಲಿಂದ ಬರಬೇಕು?

ಮಜಾ ಇರುವುದು ಇದರ ಮುಂದೆ. ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಮೊದಲು ಡಬ್ಬಿಯ ಜಾತಕ ಕೇಳುತ್ತವೆ, ವೈಡ್‌ವೈನ್ ಎಲ್1 ಇದೆಯಾ ಅಂತ. ವೈಡ್‌ವೈನ್ ಅಂದರೆ ಸಿನಿಮಾ ಕದಿಯದಂತೆ ಹಾಕುವ ಬೀಗ, ಎಲ್1 ಅದರ ಗಟ್ಟಿ ದರ್ಜೆ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಲ್3, ಅಂದರೆ ಕೊನೇ ದರ್ಜೆ. ಅದಕ್ಕೆ ಸಿಗುವುದು 480ಪಿ ಆಸುಪಾಸಿನ ಮಸುಕು ಚಿತ್ರ, ಅಂದರೆ ಹತ್ತಿರ ಹತ್ತಿರ 4 ಲಕ್ಷ ಪಿಕ್ಸೆಲ್. ತಿಂಗಳು ತಿಂಗಳು 4ಕೆ ಪ್ಲಾನಿಗೆ ದುಡ್ಡು ಕಟ್ಟಿ ಇದನ್ನು ನೋಡುವವರಿದ್ದಾರೆ, ನೋಡಿ "ಕ್ಲಾರಿಟಿ ಸೂಪರ್" ಅನ್ನುವವರೂ ಇದ್ದಾರೆ.

ಅನುಮಾನ ಬಂದು ಸೆಟ್ಟಿಂಗ್ಸ್ ತೆಗೆದರೆ ಅಲ್ಲೂ 8 ಜಿಬಿ ಅಂತಲೇ ಇರಬಹುದು. ಒಳಗೆ ಇರುವುದು ಎರಡೇ ಜಿಬಿ ಆದರೂ ಡಬ್ಬಿ ನಡೆಸುವ ಸಾಫ್ಟ್‌ವೇರಿಗೆ, ಅಂದರೆ ಫರ್ಮ್‌ವೇರಿಗೆ, ಸುಳ್ಳು ಹೇಳಲು ಕಲಿಸಿ ಕಳಿಸಿರುತ್ತಾರೆ. ಹಳೇ ಆಂಡ್ರಾಯ್ಡಿಗೆ ಹೊಸ ನಂಬರ್ ಕೊಡುವುದಂತೂ ಬರೀ ಸ್ಟಿಕ್ಕರ್ ಖರ್ಚು.

ಹೇಳಿದ್ದಕ್ಕಿಂತ ಜಾಸ್ತಿ ಕೊಡುವುದೂ ಒಂದಿದೆ, ಮಾಲ್‌ವೇರ್ ಅನ್ನುವ ಕಳ್ಳ ಸಾಫ್ಟ್‌ವೇರ್. 2023ರ ಜನವರಿಯಲ್ಲಿ ಟಿ95 ಅನ್ನುವ ಡಬ್ಬಿಯಲ್ಲಿ ಅದು ಮೊದಲೇ ತುಂಬಿಕೊಂಡು ಬಂದಿದ್ದು ಬಯಲಾಯಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ, ಇಂಥ ಡಬ್ಬಿಗಳಿಗೆ ಮಾಲ್‌ವೇರ್ ತುಂಬಿ ಕಟ್ಟಿದ ಬ್ಯಾಡ್‌ಬಾಕ್ಸ್ 2.0 ಅನ್ನುವ ಜಾಲದ ಬಗ್ಗೆ ಎಚ್ಚರಿಕೆ ಕೊಟ್ಟಿತು. ನೀವು ಧಾರಾವಾಹಿ ನೋಡುತ್ತಾ ಕೂತಿರುತ್ತೀರಿ, ಡಬ್ಬಿ ನಿಮ್ಮ ಮನೆ ಇಂಟರ್ನೆಟ್ಟನ್ನು ಯಾರೋ ಕಳ್ಳರಿಗೆ ಕೊಟ್ಟಿರುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಇಲ್ಲದೆ ಬೆಂಗಳೂರಿನಲ್ಲಿ ಬಾಡಿಗೆಗೆ ಹೋಗುವುದು ಇದೊಂದೇ ಇರಬೇಕು.

ಅದೇ ರೋಡಿನಲ್ಲಿ ಆಫೀಸುಗಳು ಹೊರಹಾಕಿದ ಪುಟ್ಟ ಡೆಸ್ಕ್‌ಟಾಪ್‌ಗಳು ಧೂಳು ಹೊತ್ತು ಕೂತಿರುತ್ತವೆ. ಇಂಟೆಲ್ 7ನೇ ಜನರೇಷನ್ನಿನದು ಸಿಕ್ಕರೆ 4ಕೆ ಸಿನಿಮಾಗಳನ್ನು ಒತ್ತಿ ಚಿಕ್ಕದಾಗಿಸಿದ 10 ಬಿಟ್ ಎಚ್‌ಇವಿಸಿ ಫೈಲು ಆರಾಮಾಗಿ ಓಡುತ್ತದೆ. ಪುಗಸಟ್ಟೆ ಸಿಗುವ ಕೋಡಿ ಅನ್ನುವ ವಿಡಿಯೊ ಪ್ಲೇಯರ್ ಹಾಕಿಕೊಂಡರೆ ಹಾರ್ಡ್ ಡಿಸ್ಕಿನ ಸಿನಿಮಾಗೆ ಇನ್ನೇನು ಬೇಕು? ದುಡ್ಡು ಡಬ್ಬಿಗಿಂತ ಜಾಸ್ತಿ, ಕರೆಂಟೂ ಜಾಸ್ತಿ, ನಿಜ. ಆದರೆ ದೊಡ್ಡ ತೊಂದರೆ ಅದಲ್ಲ. ಅದರ ಮೈಮೇಲೆ ಇರುವುದು ಯಾವುದೋ ಕಂಪನಿಯ ಅರ್ಧ ಕಿತ್ತ ಅಸೆಟ್ ನಂಬರ್. ಒಂದು ಕೆ ಕೂಡ ಬರೆದಿಲ್ಲ. ನೆಂಟರು ಬಂದರೆ ಏನಂತ ತೋರಿಸುವುದು?

ಹಾಗಾಗಿ 8ಕೆ ಡಬ್ಬಿಯೇ ಮನೆಗೆ ಬರುತ್ತದೆ. ನಾಲ್ಕು ದಿನಕ್ಕೆ ಚಿತ್ರ ನಿಂತು ನಿಂತು ಓಡುತ್ತದೆ, ಬೈಗುಳ ಮಾತ್ರ ಇಂಟರ್ನೆಟ್ ಹಾಕಿಕೊಟ್ಟ ಹುಡುಗನಿಗೆ. ಅವನೂ ಪಾಪ ಬರುತ್ತಾನೆ, ರೌಟರ್ ಆಫ್ ಮಾಡಿ ಆನ್ ಮಾಡುತ್ತಾನೆ, "ಈಗ ನೋಡಿ ಸಾರ್" ಅಂದು ಬೈಕ್ ಹತ್ತುತ್ತಾನೆ.