ಲಂಡಿ ಖಾನಾ ಎಂಬ ಇಲ್ಲದ ನಿಲ್ದಾಣ

1971ರ ಯುದ್ಧದಲ್ಲಿ ಪಾಕಿಸ್ತಾನದ ಸೆರೆಸಿಕ್ಕ ನಮ್ಮ ಮೂವರು ಪೈಲಟ್‌ಗಳು ಜೈಲಿನ ಗೋಡೆ ಕೊರೆದು, ಅಫ್ಘಾನಿಸ್ತಾನದ ಮೂಲಕ ಭಾರತ ಸೇರಿದರು ಎಂಬ ಸಂದೇಶ ವಾಟ್ಸ್‌ಆಪ್‌ನಲ್ಲಿ ಓಡಾಡುತ್ತಿದೆ. ಗೋಡೆ ಕೊರೆದದ್ದು ನಿಜ. ಭಾರತ ಸೇರಿದ್ದು ಮಾತ್ರ ಹಾಗಲ್ಲ.

ದಿಲೀಪ್ ಪಾರುಳ್ಕರ್, ಮಲ್ವಿಂದರ್ ಸಿಂಗ್ ಗ್ರೇವಾಲ್ ಮತ್ತು ಹರೀಶ್ ಸಿನ್ಹಜಿ ರಾವಲ್ಪಿಂಡಿಯ ಶಿಬಿರದಿಂದ ಹೊರಬಿದ್ದದ್ದು 1972ರ ಆಗಸ್ಟ್ ನಡುವೆ, ಒಂದು ಮಳೆಗಾಳಿಯ ರಾತ್ರಿ. ಬಸ್ ಹತ್ತಿ ಪೇಶಾವರ, ಅಲ್ಲಿಂದ ಗಡಿಯ ಹತ್ತಿರದ ಲಂಡಿ ಕೋತಲ್. ಇನ್ನು ಕೆಲವೇ ಕಿಲೋಮೀಟರ್. ಅಲ್ಲಿ ಅವರು ಲಂಡಿ ಖಾನಾಕ್ಕೆ ದಾರಿ ಕೇಳಿದರು. ನಕ್ಷೆಯಲ್ಲಿ ಆ ರೈಲು ನಿಲ್ದಾಣವಿತ್ತು, ಆದರೆ ಅದು 1932ರಲ್ಲೇ ಮುಚ್ಚಿತ್ತು! ಮುಚ್ಚಿ ನಲವತ್ತು ವರ್ಷವಾದ ನಿಲ್ದಾಣ ಕೇಳುವ ಅಪರಿಚಿತರ ಮೇಲೆ ಸ್ಥಳೀಯರಿಗೆ ಸಂಶಯ ಬಾರದೆ ಇರುತ್ತದೆಯೇ? ಸಿಕ್ಕಿಬಿದ್ದರು.

ತಾವು ಪಾಕಿಸ್ತಾನ ವಾಯುಪಡೆಯವರೇ ಎಂದು ಹೇಳಿಕೊಂಡರೂ ಆ ಕತೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮತ್ತೆ ಸೆರೆ. ಅವರು ವಾಘಾ ದಾಟಿ ಬಂದದ್ದು 1972ರ ಡಿಸೆಂಬರ್ 1ರಂದು, ಇತರ ಯುದ್ಧಕೈದಿಗಳ ಜೊತೆಗೆ, ಅಧಿಕೃತ ಬಿಡುಗಡೆಯಾಗಿ. ಸಂದೇಶ ಬರೆದವರು ಆ ಹಳೆಯ ನಕ್ಷೆಯನ್ನೇ ಬಿಟ್ಟುಬಿಟ್ಟಿದ್ದಾರೆ. ನನಗಂತೂ ಇಡೀ ಕತೆಯಲ್ಲಿ ಮರೆಯಲಾಗದ್ದು ಅದೇ.